ನಿಮ್ಮ ಜೀವಕ್ಕೆ ನೀವೇ ಬೆಲೆ ಕಟ್ಟುವುದು ಹೇಗೆ: ಮೂರು ಪ್ರಶ್ನೆ, ಮೂರು ಲೆಕ್ಕ

ಜೀವಕ್ಕೆ ಬೆಲೆ ಕಟ್ಟೋಕಾಗುತ್ತಾ ಅಂತ ಕೇಳುವವರೂ ಹೆಲ್ಮೆಟ್ ಅಂಗಡಿಯಲ್ಲಿ ದುಬಾರಿಯದನ್ನು ಕೆಳಗಿಟ್ಟು ಅಗ್ಗದ್ದನ್ನು ಕೈಗೆತ್ತಿಕೊಳ್ಳುತ್ತಾರೆ. ಬೆಲೆ ಕಟ್ಟುವ ಕೆಲಸ ಅಲ್ಲಿಗೆ ಮುಗಿದಿರುತ್ತದೆ, ಅಂಕಿ ಬರೆದಿಟ್ಟಿಲ್ಲ ಅಷ್ಟೆ. ಆ ಅಂಕಿಯನ್ನು ಕಣ್ಣಿಗೆ ಕಾಣುವಂತೆ ಬರೆದಿಡುವ ವಿಧಾನ ಇಲ್ಲಿದೆ. ಲೆಕ್ಕಕ್ಕೆ ಒಂದು ಭಾನುವಾರದ ಅರ್ಧ ದಿನ ಸಾಕು; ಅದಕ್ಕೆ ಮೊದಲು ಒಂದು ವಾರ ಮನೆಗೆಲಸದ ಗಂಟೆಗಳನ್ನು ಬರೆದಿಟ್ಟಿರಬೇಕು, ಮಾರನೇ ದಿನ ಒಂದು ಉತ್ತರವನ್ನು ಮತ್ತೆ ಪರೀಕ್ಷಿಸಬೇಕು.

ಎದುರಿಗೆ ಇಟ್ಟುಕೊಳ್ಳಬೇಕಾದದ್ದು: ಒಂದು ವರ್ಷದ ಸಂಬಳದ ಚೀಟಿಗಳು ಅಥವಾ ವ್ಯಾಪಾರದ ಲೆಕ್ಕ, ಮನೆಖರ್ಚಿನ ವಿವರ, ಸಾಲಗಳ ಬಾಕಿ, ಈಗಾಗಲೇ ಇರುವ ವಿಮೆಯ ಪತ್ರಗಳು, ಕ್ಯಾಲ್ಕ್ಯುಲೇಟರ್ ಅಥವಾ ಸ್ಪ್ರೆಡ್‌ಶೀಟ್, ಮತ್ತೆ ಒಂದು ಮಿಲಿಮೀಟರ್ ಗ್ರಾಫ್ ಹಾಳೆ. ಗ್ರಾಫ್ ಹಾಳೆ ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಯಾವ ದೇಶದ ಹಣವಾದರೂ ಲೆಕ್ಕ ಒಂದೇ ಆದ್ದರಿಂದ, ಇಲ್ಲಿನ ಉದಾಹರಣೆಗಳಲ್ಲೆಲ್ಲ ವರ್ಷದ ಒಟ್ಟು ಆದಾಯ 100 ಎಂದು ಇಟ್ಟುಕೊಂಡಿದ್ದೇವೆ. ಉತ್ತರ 1,200 ಬಂದರೆ ಹನ್ನೆರಡು ವರ್ಷದ ಆದಾಯ ಎಂದರ್ಥ.

ಮೊದಲು ಪ್ರಶ್ನೆ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. "ನನ್ನ ಜೀವದ ಬೆಲೆ ಎಷ್ಟು" ಅನ್ನುವ ಒಂದೇ ವಾಕ್ಯದೊಳಗೆ ಮೂರು ಬೇರೆ ಪ್ರಶ್ನೆಗಳು ಅಡಗಿವೆ. ನಾನು ಇಲ್ಲವಾದರೆ ನನ್ನವರಿಗೆ ಆಗುವ ಹಣದ ನಷ್ಟ ಎಷ್ಟು? ನಾನಿಲ್ಲದೆ ಅವರ ಸಂಸಾರ ಸಾಗಲು ಎಷ್ಟು ಬೇಕು? ನಾನು ಸಾಯುವ ಸಂಭವವನ್ನು ಒಂದಿಷ್ಟು ಇಳಿಸಿಕೊಳ್ಳಲು ನಾನು ಎಷ್ಟು ಖರ್ಚು ಮಾಡಬಲ್ಲೆ? ಕೆಳಗಿನ ಉದಾಹರಣೆಯಲ್ಲಿ ಒಬ್ಬನೇ ವ್ಯಕ್ತಿಗೆ ಇವುಗಳ ಉತ್ತರ ಕ್ರಮವಾಗಿ 1,715, 450 ಮತ್ತು 25,000. ಮೂರೂ ಸರಿಯಾದ ಉತ್ತರಗಳೇ. ವಿಮೆಯ ಮೊತ್ತ ನಿರ್ಧರಿಸಲು ಮೂರನೆಯದನ್ನು ಹಿಡಿದರೆ ಕಂತು ಕಟ್ಟಿಯೇ ಮನೆ ಮುಳುಗುತ್ತದೆ. ಹೆಲ್ಮೆಟ್ ಕೊಳ್ಳಲು ಎರಡನೆಯದನ್ನು ಹಿಡಿದರೆ ತಲೆಗೇ ಕುತ್ತು. ಹಾಳೆಯ ತಲೆಬರಹದಲ್ಲಿ ಪ್ರಶ್ನೆಯನ್ನು ಪೂರ್ತಿ ಬರೆದ ಮೇಲೆಯೇ ಕ್ಯಾಲ್ಕ್ಯುಲೇಟರ್ ಮುಟ್ಟಿ.

ಒಂದನೇ ಲೆಕ್ಕ: ನಷ್ಟ

ಮನುಷ್ಯನ ದುಡಿಮೆಯನ್ನು ಒಂದು ಆಸ್ತಿಯಂತೆ ಲೆಕ್ಕ ಹಾಕುವ ಈ ಪದ್ಧತಿಯನ್ನು 1920ರ ದಶಕದಲ್ಲಿ ಅಮೆರಿಕದ ವಿಮಾ ಪ್ರಾಧ್ಯಾಪಕ ಸಾಲೊಮನ್ ಹ್ಯೂಬ್ನರ್ ಪ್ರಚಾರಕ್ಕೆ ತಂದರು. ಬಗೆ ಸರಳ, ಆದರೆ ಪ್ರತಿ ಸಾಲಿನಲ್ಲೂ ಜಾರುವ ಜಾಗ ಇದೆ.

ಒಟ್ಟು ಆದಾಯ 100ರಲ್ಲಿ ತೆರಿಗೆ ಕಳೆದು ಕೈಗೆ 85 ಬರುತ್ತದೆ ಅನ್ನಿ. ಮಾಲೀಕರು ನಿಮ್ಮ ನಿವೃತ್ತಿ ನಿಧಿಗೆ ಕಟ್ಟುವ 7 ಸೇರಿಸಿದರೆ 92. ಇದನ್ನು ಬಿಡುವವರೇ ಹೆಚ್ಚು, ಸಂಬಳದ ಚೀಟಿಯ ಕೊನೆಯ ಅಂಕಿಯನ್ನಷ್ಟೇ ನೋಡುತ್ತಾರೆ. ಈಗ ನಿಮ್ಮೊಬ್ಬರ ಸ್ವಂತ ಖರ್ಚನ್ನು ಕಳೆಯಿರಿ: ಊಟ, ಬಟ್ಟೆ, ಓಡಾಟ, ಫೋನು, ಚಟ. ನಿಯಮ ಇಷ್ಟೇ: ನೀವಿಲ್ಲದಿದ್ದರೆ ನಿಂತುಹೋಗುವ ಖರ್ಚನ್ನು ಮಾತ್ರ ಕಳೆಯಬೇಕು. ನಾಲ್ವರ ಮನೆಯ ಬಾಡಿಗೆ ಮೂವರಿಗೂ ಅಷ್ಟೇ, ಆದ್ದರಿಂದ ಬಾಡಿಗೆಯ ಕಾಲುಭಾಗವನ್ನು ನಿಮ್ಮ ಪಾಲೆಂದು ಕಳೆಯಬೇಡಿ. ಉದಾಹರಣೆಯಲ್ಲಿ ಸ್ವಂತ ಖರ್ಚು 28, ಉಳಿಯುವುದು 64. ಒಂಟಿಯಾಗಿರುವವರಲ್ಲಿ ಸ್ವಂತ ಖರ್ಚಿನ ಪಾಲು ದೊಡ್ಡದು, ಸಂಸಾರ ದೊಡ್ಡದಾದಷ್ಟೂ ಆ ಪಾಲು ಸಣ್ಣದು.

ವರ್ಷಕ್ಕೆ 64, ದುಡಿಯುವ ವರ್ಷ ಇನ್ನೂ 25. ಗುಣಿಸಿ 1,600 ಎಂದು ನಿಲ್ಲಿಸಬೇಡಿ. ಇಪ್ಪತ್ತು ವರ್ಷ ಆದಮೇಲೆ ಬರುವ 64ಕ್ಕೆ ಇವತ್ತಿನ 64ರಷ್ಟು ತೂಕ ಇಲ್ಲ, ಇವತ್ತಿನದನ್ನು ಬಡ್ಡಿಗೆ ಹಾಕಬಹುದು. ಹಾಗೆಂದು ಬರೀ ಬಡ್ಡಿಯ ದರದಿಂದ ಇಳಿಸಿದರೂ ತಪ್ಪು, ಏಕೆಂದರೆ ಸಂಬಳವೂ ವರ್ಷದಿಂದ ವರ್ಷಕ್ಕೆ ಏರುತ್ತದೆ. ಎರಡನ್ನೂ ಸೇರಿಸಿದ ನಿವ್ವಳ ದರ ಬೇಕು. ಸುರಕ್ಷಿತ ಠೇವಣಿಗೆ ಶೇ. 7, ಸಂಬಳದ ಏರಿಕೆ ಶೇ. 5 ಎಂದರೆ 1.07ನ್ನು 1.05ರಿಂದ ಭಾಗಿಸಿ: 1.019. ನಿವ್ವಳ ದರ ಸುಮಾರು ಶೇ. 2.

ಇನ್ನು ಗುಣಕ, ಅಂದರೆ ಮುಂದಿನ ಅಷ್ಟೂ ವರ್ಷಗಳ ಹಣವನ್ನು ಇವತ್ತಿನ ಒಂದೇ ಮೊತ್ತಕ್ಕೆ ತರುವ ಅಂಕಿ, ಕಂಡುಹಿಡಿಯುವುದು. 1.02ನ್ನು 25ನೇ ಘಾತಕ್ಕೆ ಏರಿಸಿದರೆ 1.6406. 1ನ್ನು ಅದರಿಂದ ಭಾಗಿಸಿದರೆ 0.6095. ಇದನ್ನು 1ರಿಂದ ಕಳೆದರೆ 0.3905. ಅದನ್ನು 0.02ರಿಂದ ಭಾಗಿಸಿದರೆ 19.52. ಈ 19.52ನ್ನು 64ಕ್ಕೆ ಗುಣಿಸಿ: 1,249.

ದರದ ಮೇಲೆ ಈ ಅಂಕಿ ಎಷ್ಟು ಕುಣಿಯುತ್ತದೆ ಅಂತ ಒಮ್ಮೆ ನೋಡಿಬಿಡಿ. ನಿವ್ವಳ ದರ ಶೇ. 4 ಹಾಕಿದರೆ ಉತ್ತರ 1,000ಕ್ಕೆ ಇಳಿಯುತ್ತದೆ. ಸಂಬಳ ಏರುತ್ತದೆ ಎಂಬುದನ್ನು ಮರೆತು ಶೇ. 7ನ್ನೇ ಹಾಕಿದರೆ 746, ಅಂದರೆ ಶೇ. 40ರಷ್ಟು ನಾಪತ್ತೆ. ಪರಿಹಾರದ ವ್ಯಾಜ್ಯಗಳಲ್ಲಿ ಎರಡೂ ಕಡೆಯ ಲೆಕ್ಕಿಗರು ಸಂಬಳದ ಬಗ್ಗೆ ಜಗಳ ಮಾಡುವುದಕ್ಕಿಂತ ಈ ದರದ ಬಗ್ಗೆಯೇ ಹೆಚ್ಚು ಜಗಳ ಮಾಡುವುದು ಸುಮ್ಮನೆ ಅಲ್ಲ. ನಿಮ್ಮ ಹಾಳೆಯಲ್ಲಿ ಶೇ. 1, 2, 4 ಮೂರಕ್ಕೂ ಉತ್ತರ ಬರೆದಿಡಿ. 25 ವರ್ಷವೂ ಒಂದು ದಿನ ಬಿಡದೆ ದುಡಿಯುತ್ತೀರಿ ಎಂಬುದೂ ಅತಿಯಾದ ನಂಬಿಕೆಯೇ; ಕೆಲಸ ಹೋಗುವುದು, ಕಾಯಿಲೆ ಇವಕ್ಕೆಂದು ಎರಡು ಮೂರು ವರ್ಷ ಕಡಿಮೆ ಹಿಡಿಯಬಹುದು. 22 ವರ್ಷಕ್ಕೆ ಗುಣಕ 17.66, ಉತ್ತರ 1,130.

ಇದರಲ್ಲಿ ಸಂಬಳವಿಲ್ಲದ ದುಡಿಮೆ ಇನ್ನೂ ಸೇರಿಲ್ಲ. ಅಡುಗೆ, ಮಕ್ಕಳ ಆರೈಕೆ, ವಯಸ್ಸಾದವರ ಚಾಕರಿ, ರಿಪೇರಿ, ಬ್ಯಾಂಕು ಕಚೇರಿ ಓಡಾಟ. ಒಂದು ವಾರ ಗಡಿಯಾರ ನೋಡಿ ಬರೆಯಿರಿ. ನೆನಪಿನಿಂದ ಬರೆದರೆ ಗಂಡಸರು ಹೆಚ್ಚು ಬರೆಯುತ್ತಾರೆ, ಹೆಂಗಸರು ಅರ್ಧ ಕೆಲಸವನ್ನು ಕೆಲಸವೆಂದೇ ಎಣಿಸುವುದಿಲ್ಲ. ವಾರಕ್ಕೆ 20 ಗಂಟೆ ಎಂದರೆ ವರ್ಷಕ್ಕೆ 1,040 ಗಂಟೆ. ಅದೇ ಕೆಲಸಕ್ಕೆ ಜನ ಇಟ್ಟರೆ ಗಂಟೆಗೆ 0.02 (ವರ್ಷದ 2,000 ಗಂಟೆಗೆ 40ರ ಲೆಕ್ಕ) ಕೊಡಬೇಕಾದರೆ ವರ್ಷಕ್ಕೆ 20.8. ಈ ದುಡಿಮೆಗೆ ನಿವೃತ್ತಿಯ ದಿನಾಂಕವಿಲ್ಲ, ಆದ್ದರಿಂದ 30 ವರ್ಷ ಹಿಡಿಯಿರಿ: ಗುಣಕ 22.4, ಮೊತ್ತ 466. ಒಟ್ಟು 1,715. ಮನೆಯಲ್ಲೇ ಇರುವವರ ಆದಾಯ ಸೊನ್ನೆ, ಹಾಗಾಗಿ ಬೆಲೆಯೂ ಸೊನ್ನೆ ಎನ್ನುವ ಲೆಕ್ಕ ತಪ್ಪುವುದು ಇಲ್ಲಿಯೇ. ವಾರಕ್ಕೆ 60 ಗಂಟೆ ಗೇಯುವ ಗೃಹಿಣಿಗೆ ಇದೇ ದರದಲ್ಲಿ 1,398 ಬರುತ್ತದೆ, ಮೇಲಿನ ಸಂಬಳದಾರನ ಸಂಬಳದ ಭಾಗಕ್ಕಿಂತ ಹೆಚ್ಚು.

ಈ ಪದ್ಧತಿಯ ಮಿತಿ ತೀಕ್ಷ್ಣವಾಗಿ ಕಂಡದ್ದು 2001ರ ಸೆಪ್ಟೆಂಬರ್ 11ರ ದಾಳಿಯ ಸಂತ್ರಸ್ತರ ಪರಿಹಾರ ನಿಧಿಯಲ್ಲಿ. ಅದರ ಹೊಣೆ ಹೊತ್ತ ಕೆನೆತ್ ಫೈನ್‌ಬರ್ಗ್ ಕಾನೂನಿನ ಪ್ರಕಾರ ಪ್ರತಿಯೊಬ್ಬರ ಆದಾಯ ನಷ್ಟವನ್ನು ಲೆಕ್ಕ ಹಾಕಲೇಬೇಕಿತ್ತು. ಸತ್ತವರ ಕುಟುಂಬಗಳಿಗೆ ಸಿಕ್ಕ ಮೊತ್ತ 2.5 ಲಕ್ಷ ಡಾಲರಿನಿಂದ 70 ಲಕ್ಷ ಡಾಲರಿನ ಆಚೆಗೂ ಹಬ್ಬಿತು. ಇನ್ನೊಮ್ಮೆ ಹೀಗೆ ಮಾಡುವುದಾದರೆ ಎಲ್ಲರಿಗೂ ಸಮನಾಗಿ ಕೊಡಬೇಕು ಎಂದು ಅವರೇ ಮುಂದೆ ಹೇಳಿದರು. ಒಂದನೇ ಲೆಕ್ಕ ಹೇಳುವುದು ನಿಮ್ಮ ಗಳಿಕೆಯ ಬೆಲೆಯನ್ನು. ನಿಮಗೆ ನಿಮ್ಮ ಬದುಕು ಎಷ್ಟು ಬೇಕು ಅನ್ನುವುದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೇ ಲೆಕ್ಕ: ಅಗತ್ಯ

ಇದು ವಿಮೆಗೆ. ಬೇಗ ಮುಗಿಯುತ್ತದೆ. ಸಾಲದ ಬಾಕಿ 180. ಸಂಸಾರಕ್ಕೆ ವರ್ಷಕ್ಕೆ 50 ಬೇಕು, ಸಂಗಾತಿಯ ಗಳಿಕೆ 20, ಕೊರತೆ 30. ಕಿರಿಯ ಮಗು ಕಾಲಮೇಲೆ ನಿಲ್ಲಲು 18 ವರ್ಷ, ಗುಣಕ 14.99, ಅಂದರೆ 450. ಓದಿಗೆ 120, ಅಂತ್ಯಕ್ರಿಯೆ ಮತ್ತು ಆಸ್ಪತ್ರೆ ಬಾಕಿಗೆ 15, ಕೈಯಲ್ಲಿರಲು 25. ಕೂಡಿದರೆ 790. ಇರುವ ಉಳಿತಾಯ 140, ಕೆಲಸದ ಕಡೆಯಿಂದ ಇರುವ ವಿಮೆ 200 ಕಳೆಯಿರಿ. ಹೊಸದಾಗಿ ಬೇಕಾದದ್ದು 450.

ಎರಡು ಎಚ್ಚರಿಕೆ. ಕೆಲಸದ ವಿಮೆ ಕೆಲಸ ಬಿಟ್ಟ ದಿನವೇ ಹೋಗುತ್ತದೆ, ಆದ್ದರಿಂದ ಅದನ್ನು ಕಳೆಯದೆ 650 ಎಂದೂ ಒಂದು ಸಾಲು ಬರೆದಿಡಿ. ಸಾಲದ ಜೊತೆಗೇ ವಿಮೆ ಹಾಕಿಸಿಕೊಂಡಿದ್ದರೆ ಆ ಸಾಲವನ್ನು ಇಲ್ಲಿ ಎರಡನೇ ಸಲ ಎಣಿಸಬೇಡಿ. ಒಂದನೇ ಲೆಕ್ಕದ 1,715ಕ್ಕೂ ವಿಮೆ ಕೇಳಬಹುದು, ತಪ್ಪೇನಿಲ್ಲ; ಆದರೆ ವಿಮಾ ಕಂಪನಿಗಳು ಆದಾಯದ ಇಂತಿಷ್ಟು ಪಟ್ಟು ಎಂದು ಮಿತಿ ಹಾಕುತ್ತವೆ, ವಯಸ್ಸಾದಂತೆ ಆ ಪಟ್ಟು ಇಳಿಯುತ್ತದೆ.

ಈ ಹಾಳೆ ಬರೆಯುವಾಗ "ನಾನು ಇರುವುದಕ್ಕಿಂತ ಇಲ್ಲದಿದ್ದರೇ ಮನೆಗೆ ಲಾಭ" ಅನ್ನುವ ಮಾತು ಮನಸ್ಸಿಗೆ ಬಂದರೆ ಪೆನ್ನು ಕೆಳಗಿಡಿ. ಸಾಲದ ಒತ್ತಡದಲ್ಲಿ ಹೀಗೆ ಅನ್ನಿಸುವುದುಂಟು. ಲೆಕ್ಕ ನಾಳೆಗೂ ಇರುತ್ತದೆ. ಇವತ್ತೇ ಮನೆಯವರಲ್ಲೊಬ್ಬರ ಹತ್ತಿರವೋ ಡಾಕ್ಟರ ಹತ್ತಿರವೋ ಸಹಾಯವಾಣಿಯಲ್ಲೋ ಬಾಯಿಬಿಟ್ಟು ಮಾತಾಡಿ. ಲೆಕ್ಕದ ದೃಷ್ಟಿಯಿಂದಲೂ ಆ ಮಾತು ಸುಳ್ಳು: 450 ಅನ್ನುವುದು ಸಂಸಾರದ ತೂತು ಮುಚ್ಚುವ ಮೊತ್ತ, ನಿಮ್ಮ ಬೆಲೆಯ ಸಣ್ಣದೊಂದು ಚೂರು.

ಮೂರನೇ ಲೆಕ್ಕ: ಅಪಾಯದ ಬೆಲೆ

ಸ್ವಾರಸ್ಯ ಇರುವುದು ಇಲ್ಲಿ. 1968ರಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು: ಸಾವನ್ನು ತಪ್ಪಿಸಲು ಎಷ್ಟು ಅಂತ ಕೇಳಬೇಡಿ, ಸಾವಿನ ಸಂಭವವನ್ನು ಚೂರು ಇಳಿಸಲು ಎಷ್ಟು ಅಂತ ಕೇಳಿ. ಒಂದು ಲಕ್ಷ ಜನ, ಪ್ರತಿಯೊಬ್ಬರೂ ಲಕ್ಷದಲ್ಲಿ ಒಂದರಷ್ಟು ಅಪಾಯ ಇಳಿಸಲು 100 ಡಾಲರ್ ಕೊಡಲು ಸಿದ್ಧ. ಸರಾಸರಿ ಒಂದು ಜೀವ ಉಳಿಯುತ್ತದೆ, ಕೂಡಿದ ಹಣ ಒಂದು ಕೋಟಿ ಡಾಲರ್. ಯಾರ ಜೀವ ಅಂತ ಹೆಸರು ಹೇಳಲಾಗದ ಈ ಜೀವದ ಬೆಲೆಯನ್ನೇ ಸರ್ಕಾರಗಳು ರಸ್ತೆ, ಗಾಳಿ, ಕಾರ್ಖಾನೆಗಳ ನಿಯಮ ಮಾಡುವಾಗ ಬಳಸುವುದು. ಅಮೆರಿಕದ ಸಾರಿಗೆ ಇಲಾಖೆ 2023ನ್ನು ಆಧಾರ ವರ್ಷವಾಗಿಟ್ಟು ಬಳಸಿದ ಮೊತ್ತ 1.32 ಕೋಟಿ ಡಾಲರ್. 1972ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಒಂದು ಸಾವಿನ ನಷ್ಟವನ್ನು 2,00,725 ಡಾಲರ್ ಎಂದು ಲೆಕ್ಕ ಹಾಕಿತ್ತು. ಅದರಲ್ಲಿ ಬಹುಪಾಲು ಮುಂದಿನ ಗಳಿಕೆಯ ನಷ್ಟ, ನೋವಿಗೆ ಕೊಟ್ಟದ್ದು 10,000. ಎರಡರ ನಡುವಿನ ಅಂತರದಲ್ಲಿ ಹಣದುಬ್ಬರದ ಪಾಲು ಸಣ್ಣದು. ಒಂದನೇ ಪ್ರಶ್ನೆ ಬಿಟ್ಟು ಮೂರನೆಯದನ್ನು ಕೇಳಿದ್ದರಿಂದಲೇ ಅಂಕಿ ಹೀಗೆ ಜಿಗಿದದ್ದು.

ನಿಮ್ಮ ಸ್ವಂತ ಅಂಕಿ ತೆಗೆಯಲು ಗ್ರಾಫ್ ಹಾಳೆ ಹರಡಿ. 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಚೌಕ ಗುರುತಿಸಿ. ಅದರೊಳಗೆ 10,000 ಪುಟ್ಟ ಚೌಕಗಳಿವೆ. ಚೂಪು ಪೆನ್ಸಿಲ್ಲಿನಲ್ಲಿ ಒಂದನ್ನು ಮಾತ್ರ ಕಪ್ಪು ಮಾಡಿ. ಹಾಳೆಯನ್ನು ತೋಳುದ್ದ ದೂರ ಹಿಡಿದು ಆ ಚುಕ್ಕೆ ಹುಡುಕಿ. ಈ ವರ್ಷ ನಿಮಗೆ ಹತ್ತು ಸಾವಿರದಲ್ಲಿ ಒಂದರ ಹೆಚ್ಚುವರಿ ಅಪಾಯ ಇದೆ, ಹಣ ಕೊಟ್ಟರೆ ಅದು ಅಳಿಯುತ್ತದೆ. ಎಷ್ಟು ಕೊಡುತ್ತೀರಿ? ನಿಜವಾದ ಹಣ, ನಿಜವಾಗಿ ಬೇರೆ ಯಾವುದೋ ಖರ್ಚನ್ನು ಬಿಟ್ಟು. ಯಾವ ಖರ್ಚು ಬಿಡುತ್ತೀರಿ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಬರೆಯದಿದ್ದರೆ ಬಾಯಿಮಾತಿನ ಔದಾರ್ಯ ಹರಿಯುತ್ತದೆ. 2.5 ಎಂದಿರಾದರೆ, ಹತ್ತು ಸಾವಿರದಿಂದ ಗುಣಿಸಿ: 25,000.

ತಕ್ಷಣ ನಂಬಬೇಡಿ. ಮಾರನೇ ದಿನ ಇನ್ನೊಂದು ಪ್ರಶ್ನೆ: ಅಪಾಯ ಇಪ್ಪತ್ತು ಸಾವಿರದಲ್ಲಿ ಒಂದು ಇದ್ದಿದ್ದರೆ? ಅರ್ಧ ಅಪಾಯಕ್ಕೆ ಹೆಚ್ಚುಕಡಿಮೆ ಅರ್ಧ ಹಣ, 1.25 ಬರಬೇಕು. ಬಹಳ ಜನ 2 ಅನ್ನುತ್ತಾರೆ, ಹಾಗೆಂದಾಗ ಜೀವದ ಬೆಲೆ ಒಂದೇ ರಾತ್ರಿಯಲ್ಲಿ 40,000ಕ್ಕೆ ಏರಿಬಿಡುತ್ತದೆ. ಸಣ್ಣ ಸಂಭವಗಳನ್ನು ನಮ್ಮ ಮನಸ್ಸು "ಸ್ವಲ್ಪ ಅಪಾಯ" ಎಂದು ಒಂದೇ ಚೀಲಕ್ಕೆ ತುಂಬುವುದರಿಂದ ಹೀಗಾಗುತ್ತದೆ. ಎರಡು ಉತ್ತರ ಹೊಂದುವವರೆಗೆ ಹಾಳೆ ನೋಡುತ್ತಾ ತಿದ್ದಿ. ಇನ್ನೂ ಒಂದು ಹಳ್ಳ: "ಈ ಅಪಾಯ ಹೊರಲು ನಿಮಗೆ ಎಷ್ಟು ಕೊಡಬೇಕು" ಎಂದು ಉಲ್ಟಾ ಕೇಳಿಕೊಂಡರೆ ಅಂಕಿ ಯಾವಾಗಲೂ ದೊಡ್ಡದಾಗಿ ಬರುತ್ತದೆ. ಕೊಳ್ಳುವ ನಿರ್ಧಾರಕ್ಕೆ ಕೊಡುವ ಬೆಲೆ, ಅಪಾಯದ ಕೆಲಸ ಒಪ್ಪುವ ನಿರ್ಧಾರಕ್ಕೆ ಕೇಳುವ ಬೆಲೆ, ಬೆರೆಸಬೇಡಿ. ಹತ್ತರಲ್ಲಿ ಒಂದರಂಥ ದೊಡ್ಡ ಅಪಾಯಕ್ಕಂತೂ ಈ ಗುಣಾಕಾರ ನಡೆಯುವುದೇ ಇಲ್ಲ. ಅಲ್ಲಿ ಇರುವುದನ್ನೆಲ್ಲ ಕೊಡುತ್ತೀರಿ, ಉತ್ತರ ಹೇಳುವುದು ನಿಮ್ಮ ಆಸ್ತಿ ಎಷ್ಟೆಂಬುದನ್ನು ಮಾತ್ರ.

ಬಾಯಿಮಾತನ್ನು ನಡವಳಿಕೆಯ ಜೊತೆ ತಾಳೆ ನೋಡಲು ಕೆಲಸದ ಸಂಬಳ ಒಂದು ದಾರಿ. ಒಂದೇ ಅರ್ಹತೆ ಬೇಡುವ ಎರಡು ಕೆಲಸ, ಒಂದರಲ್ಲಿ ವರ್ಷಕ್ಕೆ ಲಕ್ಷಕ್ಕೆ 20 ಸಾವು ಹೆಚ್ಚು, ತೆರಿಗೆ ಕಳೆದು ಸಂಬಳ 5 ಹೆಚ್ಚು. 5ನ್ನು 0.0002ರಿಂದ ಭಾಗಿಸಿ: 25,000. ಆದರೆ ಬೇರೆ ಕೆಲಸವೇ ಸಿಗದೆ ಅಪಾಯದ ಕೆಲಸಕ್ಕೆ ಹೋದವರಿಗೆ ಈ ಭಾಗಾಕಾರ ಹಾಕಬೇಡಿ. ಅವರ ಸಂಬಳದಲ್ಲಿ ಕಾಣುವುದು ಅವರ ಅಸಹಾಯಕತೆ.

ಹೆಲ್ಮೆಟ್‌ಗೆ ಇದೇ ಲೆಕ್ಕ ಹಾಕೋಣ. ಹತ್ತು ಲಕ್ಷದಲ್ಲಿ ಒಂದು ಸಾವಿನ ಸಂಭವಕ್ಕೆ ಮೈಕ್ರೊಮಾರ್ಟ್ ಎಂಬ ಹೆಸರಿದೆ, ಸ್ಟ್ಯಾನ್‌ಫರ್ಡಿನ ರೊನಾಲ್ಡ್ ಹೊವರ್ಡ್ ಇಟ್ಟದ್ದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಗ್ರಾಫ್ ಹಾಳೆಯಲ್ಲಿ ಒಂದೇ ಮಿಲಿಮೀಟರ್ ಚೌಕ. ಒಬ್ಬ ಬೈಕ್ ಸವಾರನ ವರ್ಷದ ಅಪಾಯ 200 ಮೈಕ್ರೊಮಾರ್ಟ್ ಎಂದುಕೊಳ್ಳಿ. ಹೆಲ್ಮೆಟ್ ಧರಿಸಿದ್ದರೆ ಅಪಘಾತದಲ್ಲಿ ಸಾಯುವ ಸಂಭವ ಶೇ. 42ರಷ್ಟು ಇಳಿಯುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಅಂದಾಜು. ಇಳಿಯುವ ಅಪಾಯ ವರ್ಷಕ್ಕೆ 84 ಮೈಕ್ರೊಮಾರ್ಟ್, ಐದು ವರ್ಷ ಬಾಳುವ ಹೆಲ್ಮೆಟ್‌ಗೆ 420. ಬೆಲೆ 1, ಅಂದರೆ ವರ್ಷದ ಆದಾಯದ ನೂರನೇ ಒಂದು ಭಾಗ. 1ನ್ನು 0.00042ರಿಂದ ಭಾಗಿಸಿದರೆ 2,381. ಬೆಲೆ ಜಾಸ್ತಿಯಾಯಿತೆಂದು ಹೆಲ್ಮೆಟ್ ಇಲ್ಲದೆ ಹೊರಡುವವನು ತನ್ನ ಜೀವಕ್ಕೆ 2,381ಕ್ಕಿಂತ ಕಡಿಮೆ ಬೆಲೆ ಕಟ್ಟಿದ್ದಾನೆ, ಹಿಂದಿನ ರಾತ್ರಿ ಗ್ರಾಫ್ ಹಾಳೆ ಹಿಡಿದು 25,000 ಎಂದವನೂ ಅವನೇ ಇರಬಹುದು. ಹೆಲ್ಮೆಟ್ಟಿನ ಬೆವರು, ಕಿರಿಕಿರಿಯನ್ನೂ ಬೆಲೆಗೆ ಸೇರಿಸಿ ಬೇಕಾದರೆ. ಹತ್ತುಪಟ್ಟು ತುಂಬುವಷ್ಟು ಕಿರಿಕಿರಿ ಆಗುತ್ತದೆಯೇ ಅನ್ನುವುದನ್ನು ಪ್ರಾಮಾಣಿಕವಾಗಿ ಹೇಳಿಕೊಳ್ಳಿ.

25,000 ಎಂಬ ಅಂಕಿ ಗಟ್ಟಿಯಾದ ಮೇಲೆ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವಷ್ಟು ಚಿಕ್ಕದು ಮಾಡಿ. ಹತ್ತು ಲಕ್ಷದಿಂದ ಭಾಗಿಸಿದರೆ ಒಂದು ಮೈಕ್ರೊಮಾರ್ಟಿಗೆ 0.025. ವರ್ಷಕ್ಕೆ 2,000 ಗಂಟೆ ದುಡಿದು 100 ಗಳಿಸುವವರಿಗೆ ಗಂಟೆಗೆ 0.05, ಅಂದರೆ ಒಂದು ಮೈಕ್ರೊಮಾರ್ಟ್ ಎಂದರೆ ಅರ್ಧ ಗಂಟೆಯ ದುಡಿಮೆ. ಬ್ರಿಟನ್ನಿನ ಅಂಕಿಗಳ ಪ್ರಕಾರ ಬೈಕಿನಲ್ಲಿ ಸುಮಾರು 10 ಕಿಲೋಮೀಟರಿಗೆ, ಕಾರಿನಲ್ಲಿ ಸುಮಾರು 400 ಕಿಲೋಮೀಟರಿಗೆ ಒಂದು ಮೈಕ್ರೊಮಾರ್ಟ್; ನಿಮ್ಮ ರಸ್ತೆಯ ದರ ಬೇರೆ ಇರುತ್ತದೆ, ಅಲ್ಲಿನ ಸಾವಿನ ಸಂಖ್ಯೆಯನ್ನು ವಾಹನಗಳು ಓಡಿದ ದೂರದಿಂದ ಭಾಗಿಸಿ ತೆಗೆಯಬೇಕು. ಆ ದರದಲ್ಲಿ 10 ಕಿಲೋಮೀಟರ್ ಬೈಕಿನಲ್ಲಿ ಹೋಗಿ ಇಪ್ಪತ್ತು ನಿಮಿಷ ಉಳಿಸಿದರೆ, ಬಿಡುವಿನ ಸಮಯಕ್ಕೂ ದುಡಿಮೆಯ ಸಮಯದಷ್ಟೇ ಬೆಲೆ ಕೊಟ್ಟರೂ, ಹತ್ತು ನಿಮಿಷ ನಷ್ಟ.

ವಯಸ್ಸಿನ ವಿಷಯದಲ್ಲಿ ಲೆಕ್ಕಶಾಸ್ತ್ರಕ್ಕೆ ಇನ್ನೂ ಒಮ್ಮತವಿಲ್ಲ. ಉಳಿದ ವರ್ಷ ಕಡಿಮೆ, ಬೆಲೆಯೂ ಕಡಿಮೆ ಎಂದು ಗುಣಕದಿಂದ ಭಾಗಿಸಿ ವರ್ಷಕ್ಕಿಷ್ಟು ಎಂದು ತೆಗೆಯುವವರಿದ್ದಾರೆ. ನಿಮಗೆ 40 ವರ್ಷ ಉಳಿದಿದ್ದರೆ 25,000ವನ್ನು 27.36ರಿಂದ ಭಾಗಿಸಿ, ವರ್ಷಕ್ಕೆ ಸುಮಾರು 914. ಚಿಕಿತ್ಸೆಯೊಂದು ಎಷ್ಟು ತಿಂಗಳು ಕೊಡುತ್ತದೆ, ಎಷ್ಟು ಖರ್ಚು ಎಂದು ತೂಗುವಾಗ ಇದು ಉಪಯೋಗಕ್ಕೆ ಬರುತ್ತದೆ. ಇನ್ನೊಬ್ಬರ ಮೇಲೆ ಹೇರಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಪರಿಸರ ಸಂಸ್ಥೆಯ ಉದಾಹರಣೆ ಇದೆ: 70 ದಾಟಿದವರ ಜೀವಕ್ಕೆ ಶೇ. 37 ಕಡಿತ ಮಾಡಿದ ಒಂದು ವಿಶ್ಲೇಷಣೆ 2003ರಲ್ಲಿ ವಯಸ್ಸಾದವರ ಕೆಂಗಣ್ಣಿಗೆ ಗುರಿಯಾಗಿ, ಸಂಸ್ಥೆ ಹಿಂದೆ ಸರಿಯಿತು. ಕಡಿತ ಮಾಡಬೇಕೋ ಬೇಡವೋ ಅನ್ನುವುದನ್ನು ಆ ಜೀವದ ಒಡೆಯರಿಗೇ ಬಿಡುವುದು ವಾಸಿ ಅನ್ನುವುದು ನಮ್ಮ ಅಭಿಪ್ರಾಯ.

ಹಾಳೆಯನ್ನು ಎತ್ತಿಡುವ ಮುನ್ನ

ಮೂರು ಅಂಕಿಗಳನ್ನು ಕೂಡಿಸಬೇಡಿ, ಸರಾಸರಿಯನ್ನೂ ತೆಗೆಯಬೇಡಿ. ಪ್ರತಿಯೊಂದರ ಪಕ್ಕದಲ್ಲಿ ಅದರ ಪ್ರಶ್ನೆ, ಬಳಸಿದ ನಿವ್ವಳ ದರ, ಹಿಡಿದ ವರ್ಷಗಳು ಮತ್ತು ಇವತ್ತಿನ ತಾರೀಖು ಬರೆಯಿರಿ. ಎರಡನೆಯದನ್ನು ಮದುವೆ, ಮಗು, ಹೊಸ ಸಾಲ, ಕೆಲಸದ ಬದಲಾವಣೆ ಆದಾಗಲೆಲ್ಲ ಮತ್ತೆ ಮಾಡಬೇಕು. ಒಂದನೆಯದು ಮೂರು ವರ್ಷಕ್ಕೊಮ್ಮೆ ಸಾಕು, ಪರಿಹಾರದ ವ್ಯಾಜ್ಯ ಎದುರಾದರೆ ಮಾತ್ರ ಕೂಡಲೇ. ಮೂರನೆಯದಕ್ಕೆ ಗ್ರಾಫ್ ಹಾಳೆಯನ್ನು ಹಳೆಯ ಉತ್ತರ ನೋಡದೆ ಹೊಸದಾಗಿ ತುಂಬಿ, ಆಮೇಲೆ ಹೋಲಿಸಿ. ಈ ಅಂಕಿ ಅರ್ಧಕ್ಕಿಂತ ಕೆಳಗೆ ಬಿದ್ದಿದ್ದರೆ ಆದಾಯ ಇಳಿದಿದೆಯೇ ಎಂದು ಮೊದಲು ನೋಡಿ. ಇಳಿದಿಲ್ಲವೆಂದರೆ, ಕಳೆದ ಆರು ತಿಂಗಳು ನಿದ್ದೆ ಹೇಗಿತ್ತು ಅನ್ನುವುದನ್ನು ಆ ಸಾಲಿನ ಪಕ್ಕದಲ್ಲಿ ಬರೆಯಿರಿ.